ಮಾಂಟ್ಗೊಮೆರಿ ಕೌಂಟಿ ಪೊಲೀಸ್ ಬಜೆಟ್: ಈ ಸಲ ನಮ್ಮವರು ಏನು ಕೇಳಬೇಕು?

ಜರ್ಮನ್‌ಟೌನ್ ಗೆಳತಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ನಮ್ಮ ಕೌಂಟಿಯಲ್ಲಿ (ಕೌಂಟಿ ಅಂದರೆ ಊರಿನ ಜಿಲ್ಲೆಯ ಹಾಗೆ) ಮುಂದಿನ ವರ್ಷದ ಬಜೆಟ್ ಬಗ್ಗೆ ಮಾತು ಶುರುವಾಗಿದೆ. ಶಾಲೆ ವಿಷಯ ಅಂದರೆ ನಮ್ಮವರು ತಾವಾಗಿಯೇ ಹೋಗಿ ಮಾತಾಡುತ್ತಾರೆ. ಪೊಲೀಸ್ ಬಜೆಟ್ ಅಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರೆ. ಊರಿನ ಅಭ್ಯಾಸವೇ ಹಾಗಿದೆ, ಅಲ್ವಾ? ಕರ್ನಾಟಕದಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ ಕೈಯಲ್ಲಿದೆ. ಎಸ್‌ಪಿ ಸಾಹೇಬರಿಗೆ ಎಷ್ಟು ಜನ ಬೇಕು, ಎಷ್ಟು ಜೀಪು ಬೇಕು ಅಂತ ನಗರಸಭೆಯಲ್ಲಿ ಯಾರೂ ಕೇಳುವ ಹಾಗಿಲ್ಲ. ಇಲ್ಲಿ ಪೊಲೀಸರು ಕೌಂಟಿಗೆ ಸೇರಿದವರು. ಅವರ ದುಡ್ಡು ನಮ್ಮ ಪ್ರಾಪರ್ಟಿ ಟ್ಯಾಕ್ಸ್, ಇನ್‌ಕಮ್ ಟ್ಯಾಕ್ಸ್‌ನಿಂದ ಬರುತ್ತದೆ. ಒಂದೊಂದು ಹುದ್ದೆಯನ್ನೂ ಚುನಾಯಿತ ಕೌಂಟಿ ಕೌನ್ಸಿಲ್ ಎಲ್ಲರ ಎದುರಿಗೇ ಚರ್ಚೆ ಮಾಡುತ್ತದೆ.

ಲೆಕ್ಕ ಸ್ವಲ್ಪ ಹೇಳುತ್ತೇನೆ. 2025ರ ಮೇ ತಿಂಗಳಲ್ಲಿ ಪಾಸಾದ ಬಜೆಟ್ ಸುಮಾರು 760 ಕೋಟಿ ಡಾಲರ್. ಪ್ರಾಪರ್ಟಿ ಟ್ಯಾಕ್ಸ್ ದರ ಏರಿಸಬೇಕು ಅಂತ ಕೌಂಟಿ ಎಕ್ಸಿಕ್ಯುಟಿವ್ (ಕೌಂಟಿ ಆಡಳಿತದ ಮುಖ್ಯಸ್ಥ) ಮಾರ್ಕ್ ಎಲ್ರಿಚ್ ಕೇಳಿದ್ದರು. ಕೌನ್ಸಿಲ್ ಅದನ್ನು ಒಪ್ಪಲಿಲ್ಲ. ಒಟ್ಟು ದುಡ್ಡಿನಲ್ಲಿ ಹೆಚ್ಚುಕಮ್ಮಿ ಅರ್ಧ ಶಾಲೆಗಳಿಗೇ ಹೋಗುತ್ತದೆ. ಪೊಲೀಸರ ಪಾಲು 30 ಕೋಟಿ ಡಾಲರ್‌ಗೂ ಮೇಲೆ. ಅದರಲ್ಲಿ ಬಹುಪಾಲು ಸಂಬಳ, ಓವರ್‌ಟೈಮ್, ಇನ್ಶೂರೆನ್ಸ್ ಇಂಥದ್ದೇ. ಬಂದೂಕು, ಗಾಡಿ, ಡ್ರೋನ್ ಬಗ್ಗೆ ಟಿವಿಯಲ್ಲಿ ಜಾಸ್ತಿ ಮಾತು. ದುಡ್ಡು ಮಾತ್ರ ಜನರ ದುಡಿಮೆಯ ಗಂಟೆಗಳಿಗೆ ಹೋಗುತ್ತದೆ.

ಹಾಗಾಗಿ "ಪೊಲೀಸರಿಗೆ ಜಾಸ್ತಿ ಕೊಡಬೇಕಾ, ಕಡಿಮೆ ಮಾಡಬೇಕಾ" ಅನ್ನುವ ಜಗಳ ನನಗೆ ಬೇಡ. ಆ ಗಂಟೆಗಳು ಯಾವ ಕೆಲಸಕ್ಕೆ ಹೋಗಬೇಕು? ಇದೊಂದನ್ನು ಇಲ್ಲಿ ಮಾತಾಡೋಣ. ಎಲ್ಲರೂ ಬರೆಯಿರಿ.

ಕ್ಲಾರ್ಕ್ಸ್‌ಬರ್ಗ್ ರಾಯರು

ಒಳ್ಳೆಯ ಕೆಲಸ ಮಾಡಿದ್ದೀರಿ ಮೇಡಂ. ಮೊದಲು ಜನ ಬೇಕು, ಆಮೇಲೆ ಉಳಿದದ್ದು. ಸುಮಾರು 500 ಚದರ ಮೈಲಿ ಕೌಂಟಿ, ಹತ್ತು ಲಕ್ಷಕ್ಕೂ ಹೆಚ್ಚು ಜನ. ರಾಕ್‌ವಿಲ್, ಬೆಥೆಸ್ಡಾ, ಸಿಲ್ವರ್ ಸ್ಪ್ರಿಂಗ್, ವೀಟನ್, ಜರ್ಮನ್‌ಟೌನ್, ಮಾಂಟ್ಗೊಮೆರಿ ವಿಲೇಜ್ ಅಂತ ಆರು ಪೊಲೀಸ್ ಡಿಸ್ಟ್ರಿಕ್ಟ್. ನಮ್ಮ ಕ್ಲಾರ್ಕ್ಸ್‌ಬರ್ಗ್ ಜರ್ಮನ್‌ಟೌನ್ ಸ್ಟೇಷನ್‌ಗೆ ಸೇರುತ್ತದೆ. ಇಪ್ಪತ್ತು ವರ್ಷದ ಹಿಂದೆ ಇಲ್ಲಿ ಹೊಲ ಜಾಸ್ತಿ, ಮನೆ ಕಡಿಮೆ. ಈಗ ನೋಡಿ, ಎಲ್ಲಿ ತಿರುಗಿದರೂ ಟೌನ್‌ಹೌಸ್.

ಕಳೆದ ಕೆಲವು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಆಫೀಸರ್ ಹುದ್ದೆಗಳು ಖಾಲಿ ಬಿದ್ದಿದ್ದವು. ಹೊಸದಾಗಿ ಸೇರುವವರಿಗೆ ಕೌಂಟಿ 20,000 ಡಾಲರ್ ಬೋನಸ್ ಕೊಡಬೇಕಾಯಿತು. ಇದು ಇಲ್ಲಿ ಮಾತ್ರ ಇರುವ ಕಷ್ಟ ಅಲ್ಲ. ಅಕ್ಕಪಕ್ಕದ ಫೇರ್‌ಫ್ಯಾಕ್ಸ್, ಪ್ರಿನ್ಸ್ ಜಾರ್ಜಸ್, ವಾಷಿಂಗ್ಟನ್ ಡಿಸಿ ಎಲ್ಲರೂ ಅದೇ ಹುಡುಗರನ್ನು ಎಳೆದಾಡುತ್ತಾರೆ. ಹುದ್ದೆ ಖಾಲಿ ಇದ್ದರೆ ಇದ್ದವರೇ ಡಬಲ್ ಶಿಫ್ಟ್ ಮಾಡಬೇಕು. ಓವರ್‌ಟೈಮ್ ಏರುತ್ತದೆ, ಸುಸ್ತಾಗುತ್ತದೆ, ಸುಸ್ತಾದವರು ಬಿಟ್ಟು ಹೋಗುತ್ತಾರೆ. ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಹದಿನಾರು ಗಂಟೆ ಎಚ್ಚರ ಇದ್ದವನ ಮುಂದೆ ನನ್ನ ಮಗ ಕಾರು ನಿಲ್ಲಿಸಬೇಕಾದರೆ ನನಗೆ ಭಯ ಆಗುತ್ತದೆ. ಸಂಬಳ ಕೊಡಿ, ಜನ ತುಂಬಿಸಿ, ನಿದ್ದೆ ಮಾಡೋಕೆ ಬಿಡಿ.

ವಾರಾನ್ನ ವಿದ್ಯಾರ್ಥಿ

ಒಂದು ಸಣ್ಣ ಪ್ರಶ್ನೆ. ನಾನು ಎಚ್‌-1ಬಿ ಕೆಲಸದ ವೀಸಾದಲ್ಲಿ ಇರುವವನು. ವೋಟಿಲ್ಲ. ಬಜೆಟ್ ಬಗ್ಗೆ ಕೌನ್ಸಿಲ್ ಜನರ ಮಾತು ಕೇಳುವ ಹಿಯರಿಂಗ್‌ನಲ್ಲಿ ಮಾತಾಡಬಹುದಾ? ಹೆಸರು, ವಿಳಾಸ ಕೊಟ್ಟರೆ ಮುಂದೆ ಏನಾದರೂ ತೊಂದರೆ ಆಗುತ್ತಾ? ಈಗಿನ ಕಾಲದಲ್ಲಿ ಮನೆಯವರು ಹೆದರುತ್ತಾರೆ.

ಜರ್ಮನ್‌ಟೌನ್ ಗೆಳತಿ

ಮಾತಾಡಬಹುದು ತಮ್ಮ. ಕೌಂಟಿಯಲ್ಲಿ ವಾಸ ಇರುವ ಯಾರು ಬೇಕಾದರೂ ಮಾತಾಡಬಹುದು, ವೋಟು ಇರಲೇಬೇಕು ಅಂತಿಲ್ಲ. ಕೌಂಟಿಯ ಸಿಬ್ಬಂದಿ ಯಾರ ವಲಸೆ ದಾಖಲೆಯನ್ನೂ ವಿಚಾರಿಸಬಾರದು ಅಂತ 2019ರಲ್ಲೇ ಎಲ್ರಿಚ್ ಆದೇಶ ಹೊರಡಿಸಿದ್ದಾರೆ. ಪೊಲೀಸರಿಗೂ ಅದು ಅನ್ವಯ. ಅದು ಯಾಕೆ ಬೇಕು ಅಂದರೆ, ಹೊಡೆತ ತಿಂದ ಹೆಂಗಸು, ಸಂಬಳ ಸಿಗದ ಕೂಲಿಯವನು ಹೆದರಿ ಫೋನೇ ಮಾಡದಿದ್ದರೆ ಪೊಲೀಸರಿಗೂ ಅಪರಾಧ ಗೊತ್ತಾಗುವುದಿಲ್ಲ. ಒಂದು ಗಮನ ಇರಲಿ: ಈ ಆದೇಶ ಕೌಂಟಿಯವರಿಗೆ ಮಾತ್ರ, ಫೆಡರಲ್ ಏಜೆಂಟರಿಗೆ ಅಲ್ಲ. ಇನ್ನೂ ಅಳುಕಿದ್ದರೆ ಬರೆದು ಕಳಿಸಿ, ಅದೂ ನಡೆಯುತ್ತದೆ.

ಬೆಣ್ಣೆನಗರಿ

ನಾನು ಹೇಳಬೇಕಾದದ್ದು ಚಿನ್ನದ ಗಟ್ಟಿ ಮೋಸದ ಬಗ್ಗೆ. ಪೊಲೀಸರ ಗಂಟೆಗಳು ಎಲ್ಲಿ ಹೋಗಬೇಕು ಅಂತ ಕೇಳಿದಿರಿ. ನನ್ನ ಮಟ್ಟಿಗೆ ಮೊದಲು ಇಲ್ಲಿಗೆ.

ನಮ್ಮ ಅತ್ತೆ ದಾವಣಗೆರೆಯಿಂದ ಬಂದು ನಮ್ಮ ಜೊತೆ ಇದ್ದಾರೆ. ಒಂದು ಮಧ್ಯಾಹ್ನ ಐಪ್ಯಾಡ್‌ನಲ್ಲಿ ಸೀರಿಯಲ್ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಕೆಂಪು ಪರದೆ ಬಂತು, ಜೋರಾಗಿ ಅಲಾರಾಂ ಹೊಡೆಯಿತು, ಒಂದು ನಂಬರ್ ಕಾಣಿಸಿತು. ಅತ್ತೆ ಗಾಬರಿಯಾಗಿ ಆ ನಂಬರ್‌ಗೆ ಫೋನ್ ಮಾಡಿದರು. ಆ ಕಡೆಯಿಂದ ಚೆನ್ನಾಗಿ ಹಿಂದಿ ಮಾತಾಡುವ ಹುಡುಗ. "ಅಮ್ಮಾಜಿ, ನಿಮ್ಮ ಮಗನ ಬ್ಯಾಂಕ್ ಖಾತೆ ಕಳ್ಳರ ಕೈಗೆ ಹೋಗಿದೆ. ನೀವು ಯಾರಿಗೂ ಹೇಳಬೇಡಿ, ಹೇಳಿದರೆ ಮಗನ ಗ್ರೀನ್ ಕಾರ್ಡ್‌ಗೆ ತೊಂದರೆ." ನಾನು ಆಫೀಸಿನಿಂದ ಬಂದಾಗ ಅತ್ತೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಪಿಸುಗುಟ್ಟುತ್ತಿದ್ದರು. ಫೋನ್ ಕಿತ್ತುಕೊಂಡೆ. ದುಡ್ಡು ಹೋಗಿರಲಿಲ್ಲ. ಅತ್ತೆ ಮಾತ್ರ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಮುಂದಿನ ಹೆಜ್ಜೆ ಏನಿರುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. "ನಿಮ್ಮ ದುಡ್ಡನ್ನು ಚಿನ್ನದ ಗಟ್ಟಿ ಮಾಡಿ ಕೊಡಿ, ಸರ್ಕಾರ ಕಾಪಾಡುತ್ತದೆ" ಅನ್ನುತ್ತಾರೆ. ಮನೆ ಬಾಗಿಲಿಗೇ ಒಬ್ಬ ಬಂದು ಡಬ್ಬಿ ತೆಗೆದುಕೊಂಡು ಹೋಗುತ್ತಾನೆ. 2024ರ ಮಾರ್ಚ್‌ನಲ್ಲಿ ಸಿಲ್ವರ್ ಸ್ಪ್ರಿಂಗ್ ಕಡೆಯ ಒಬ್ಬ ವಯಸ್ಸಾದ ಹೆಂಗಸು ಹೀಗೇ ಸುಮಾರು 7.89 ಲಕ್ಷ ಡಾಲರ್‌ನ ಚಿನ್ನ ಕಳೆದುಕೊಂಡರು. ಎರಡು ಸಲ ಕೊಟ್ಟಾಗಿತ್ತು. ಮೂರನೇ ಸಲ ಇಸಿದುಕೊಳ್ಳಲು ಬಂದವನನ್ನು ನಮ್ಮ ಕೌಂಟಿ ಪೊಲೀಸರು ಹೊಂಚು ಹಾಕಿ ಹಿಡಿದರು. ಎಫ್‌ಬಿಐ ಲೆಕ್ಕದ ಪ್ರಕಾರ ಇಡೀ ದೇಶದಲ್ಲಿ 2023ರ ಮೇಯಿಂದ ಡಿಸೆಂಬರ್‌ವರೆಗೆ ಇಂಥ ಮೋಸದಲ್ಲಿ ಹೋದದ್ದು 5.5 ಕೋಟಿ ಡಾಲರ್‌ಗೂ ಹೆಚ್ಚು.

ಹೇಳೋಕೆ ಕಷ್ಟ ಆದರೂ ಹೇಳಲೇಬೇಕಾದ ಮಾತು ಒಂದಿದೆ. ಈ ದೇಶದಲ್ಲಿ ಬೇರೆ ಬೇರೆ ಕಡೆ ಚಿನ್ನ ಇಸಿದುಕೊಳ್ಳಲು ಹೋಗಿ ಸಿಕ್ಕಿಬಿದ್ದವರಲ್ಲಿ ಭಾರತದಿಂದ ಓದಲು ಬಂದ ಹುಡುಗರೂ ಇದ್ದಾರೆ. "ಒಂದು ಪಾರ್ಸೆಲ್ ತಂದುಕೊಟ್ಟರೆ ಇಷ್ಟು ಡಾಲರ್" ಅಂತ ವಾಟ್ಸಾಪ್‌ನಲ್ಲಿ ಬಂದರೆ ಮುಟ್ಟಬೇಡಿ. ಜೈಲಿಗೆ ಹೋಗುವುದು ಡಬ್ಬಿ ಹಿಡಿದವನು, ಫೋನ್ ಮಾಡಿದವನಲ್ಲ.

ನನ್ನ ಬೇಡಿಕೆ ಇಷ್ಟೆ. ಹಣಕಾಸು ಅಪರಾಧ ನೋಡುವ ಡಿಟೆಕ್ಟಿವ್‌ಗಳನ್ನು ಹೆಚ್ಚು ಮಾಡಿ. ಹಿರಿಯರಿಗೆ ಅವರ ಭಾಷೆಯಲ್ಲೇ ತಿಳಿಸಿ. ಕನ್ನಡ, ತೆಲುಗು, ಗುಜರಾತಿ, ಚೀನೀ ಎಲ್ಲದರಲ್ಲೂ.

ವೀಟನ್ ವಾಸಿ

ಅಕ್ಕ, ಓದಿ ಮೈ ಜುಮ್ ಅಂತು. ಬೆಂಗಳೂರಿನಲ್ಲಿ "ಡಿಜಿಟಲ್ ಅರೆಸ್ಟ್" ಅಂತ ನಡೆಯುವುದೂ ಇದೇ ಕೈಚಳಕ. 2024ರ ಕೊನೆಯಲ್ಲಿ ಅಲ್ಲಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ 11.8 ಕೋಟಿ ರೂಪಾಯಿ ಕಳೆದುಕೊಂಡ. ಓದಿದವರೇ ಬೀಳುತ್ತಾರೆ, ಹಿರಿಯರನ್ನು ಬೈದು ಪ್ರಯೋಜನ ಇಲ್ಲ. ಊರಲ್ಲಿ ಇರುವ ಅಪ್ಪ ಅಮ್ಮನಿಗೆ ಸೈಬರ್ ಮೋಸದ ಸಹಾಯವಾಣಿ 1930 ನಂಬರ್ ಹೇಳಿಕೊಡಿ. ಇಲ್ಲಿ ದುಡ್ಡು ಇನ್ನೂ ಹೋಗಿಲ್ಲ, ಆದರೂ ದೂರು ಕೊಡಬೇಕು ಅಂದರೆ ಪೊಲೀಸರ ತುರ್ತಲ್ಲದ ನಂಬರ್ 301-279-8000. ಮನೆ ಬಾಗಿಲಿಗೆ ಯಾರೋ ಬರುತ್ತಿದ್ದಾರೆ ಅಂದರೆ 911, ಯೋಚನೆ ಮಾಡಬೇಡಿ.

2025ರಲ್ಲಿ ಮೇರಿಲ್ಯಾಂಡ್ ಇದಕ್ಕೆ ಕಾನೂನನ್ನೇ ತಂದಿದೆ. ಚಿನ್ನದ ಗಟ್ಟಿ ಮಾರುವವರು ಅಂಗಡಿಯಲ್ಲಿ ಎಚ್ಚರಿಕೆ ಬೋರ್ಡ್ ಹಾಕಬೇಕು. ಆ ಬೋರ್ಡ್ ಎಲ್ಲ ಕಡೆ ಇದೆಯಾ ಅಂತ ಯಾರು ನೋಡುತ್ತಾರೆ? ಕೌನ್ಸಿಲ್‌ಗೆ ಇದನ್ನೂ ಕೇಳಬೇಕು.

ರಾತ್ರಿಪಾಳಿ

ನಾನು ನರ್ಸ್. ಎಮರ್ಜೆನ್ಸಿ ವಾರ್ಡ್‌ನಲ್ಲಿ ಕೆಲಸ. ಯಾವ ಆಸ್ಪತ್ರೆ ಅಂತ ಬೇಡ.

ಪೊಲೀಸರು ಕರೆದುಕೊಂಡು ಬರುವವರಲ್ಲಿ ಎಷ್ಟೋ ಜನ ಕಳ್ಳರೂ ಅಲ್ಲ, ರೌಡಿಗಳೂ ಅಲ್ಲ. ಕಾಯಿಲೆ ಇರುವವರು. ಮಾತ್ರೆ ನಿಲ್ಲಿಸಿದ ಹುಡುಗ, ಮೂರು ರಾತ್ರಿ ನಿದ್ದೆ ಇಲ್ಲದ ಬಾಣಂತಿ, ಸಾಯುತ್ತೇನೆ ಅಂತ ಕಾರಿನಲ್ಲಿ ಕೂತ ಗಂಡಸು. ಜೊತೆಗೆ ಬಂದ ಆಫೀಸರ್ ಗೋಡೆಗೆ ಒರಗಿ ಗಂಟೆಗಟ್ಟಲೆ ನಿಂತಿರುತ್ತಾರೆ. ರೇಡಿಯೋದಲ್ಲಿ ಅವರ ಏರಿಯಾದ ಕರೆಗಳು ಒಂದರ ಹಿಂದೆ ಒಂದು ಬರುತ್ತಿರುತ್ತವೆ. ಅವರು ಹೋಗುವ ಹಾಗಿಲ್ಲ. ರಾಯರು ಹೇಳಿದ ಓವರ್‌ಟೈಮ್ ಇದೆಯಲ್ಲ, ಅದರಲ್ಲಿ ಒಂದು ಪಾಲು ಈ ಗೋಡೆ ಪಕ್ಕದಲ್ಲೇ ಕಳೆಯುತ್ತದೆ.

2021ರ ಜುಲೈ ನೆನಪಿದೆಯಾ? ಗೇಥರ್ಸ್‌ಬರ್ಗ್‌ನಲ್ಲಿ ಒಂದು ಮೆಕ್‌ಡೊನಾಲ್ಡ್ಸ್ ಡ್ರೈವ್‌ ಥ್ರೂನಲ್ಲಿ 21 ವರ್ಷದ ಹುಡುಗ ಕಾರು ತೆಗೆಯದೆ ಕೂತಿದ್ದ. ಪಕ್ಕದ ಸೀಟಿನಲ್ಲಿ ಬಂದೂಕು ಇತ್ತು. ಪೊಲೀಸರ ಗುಂಡಿಗೆ ಸತ್ತ. ಆಫೀಸರ್‌ಗಳ ಮೇಲೆ ಕೇಸು ಆಗಲಿಲ್ಲ. ಅವನಿಗೆ ಮಾನಸಿಕ ತೊಂದರೆ ಇತ್ತು ಅಂತ ಮನೆಯವರು ಹೇಳಿದರು. ಅದಕ್ಕೂ ಒಂದೂವರೆ ವರ್ಷ ಮುಂಚೆ, 2020ರ ಜನವರಿಯಲ್ಲಿ, ಶಾಲೆಯಿಂದ ಹೊರಗೆ ಓಡಿಹೋದ ಐದು ವರ್ಷದ ಮಗುವಿಗೆ ಇಬ್ಬರು ಆಫೀಸರ್‌ಗಳು ಕೂಗಾಡಿ, ಕೈಕೋಳ ತೋರಿಸಿದ ವಿಡಿಯೋ. ಆ ಕೇಸ್ ಮುಗಿಸಲು 2,75,000 ಡಾಲರ್ ಕೊಡಬೇಕಾಯಿತು. ತಪ್ಪು ಮನುಷ್ಯನನ್ನು ತಪ್ಪು ಕರೆಗೆ ಕಳಿಸಿದರೆ ಕೊನೆಗೆ ಬಿಲ್ ಬರುವುದೂ ಬಜೆಟ್‌ಗೇ.

ಇದಕ್ಕೆ ದಾರಿ ಇದೆ, ಅದು ಈಗಾಗಲೇ ಶುರುವಾಗಿದೆ. ಕೌಂಟಿಯ ಆರೋಗ್ಯ ಇಲಾಖೆಯಲ್ಲಿ ಮೊಬೈಲ್ ಕ್ರೈಸಿಸ್ ತಂಡಗಳಿವೆ. ಮಾನಸಿಕ ಆರೋಗ್ಯ ತಿಳಿದವರು ಮನೆಗೇ ಬರುತ್ತಾರೆ. ಮೊದಲು ಒಂದೇ ತಂಡ ಇತ್ತು, 2020ರ ನಂತರ ಹೆಚ್ಚಾದವು. ಕ್ರೈಸಿಸ್ ಸೆಂಟರ್ ನಂಬರ್ 240-777-4000, ಹಗಲು ರಾತ್ರಿ ಇರುತ್ತದೆ. 2022ರ ಜುಲೈಯಿಂದ ಇಡೀ ದೇಶದ ಮಾನಸಿಕ ಆರೋಗ್ಯ ಸಹಾಯವಾಣಿ 988 ಕೂಡ ಇದೆ. ಈ ಎರಡು ನಂಬರ್ ಫ್ರಿಜ್ ಮೇಲೆ ಅಂಟಿಸಿ. ನಮ್ಮ ಮನೆಗಳಲ್ಲಿ ಇಂಥದ್ದು ಇಲ್ಲ ಅಂತ ದಯವಿಟ್ಟು ಹೇಳಬೇಡಿ. ನಾನು ದಿನಾ ನೋಡುತ್ತೇನೆ. ನಮ್ಮವರು ಕೊನೇ ಗಳಿಗೆಯವರೆಗೂ ಮುಚ್ಚಿಡುತ್ತಾರೆ.

ಕ್ಲಾರ್ಕ್ಸ್‌ಬರ್ಗ್ ರಾಯರು

ಸಿಸ್ಟರ್, ನಿಮ್ಮ ಮಾತು ಒಪ್ಪುತ್ತೇನೆ. ಒಂದು ಅನುಮಾನ ಮಾತ್ರ. ಆ ಗೇಥರ್ಸ್‌ಬರ್ಗ್ ಕೇಸಿನಲ್ಲಿ ಬಂದೂಕು ಇತ್ತಲ್ಲ. ಅಲ್ಲಿಗೆ ಸೋಶಿಯಲ್ ವರ್ಕರ್ ಒಬ್ಬರನ್ನೇ ಕಳಿಸೋಕೆ ಆಗುತ್ತಾ?

ರಾತ್ರಿಪಾಳಿ

ಒಬ್ಬರನ್ನೇ ಅಂತ ನಾನು ಹೇಳಲ್ಲ ಸಾರ್. ಆಯುಧ ಇದ್ದರೆ ಪೊಲೀಸರು ಇರಲೇಬೇಕು. ಆದರೆ ಮಾತಾಡುವವರು ಯಾರು, ಎಷ್ಟು ಹೊತ್ತು ಕಾಯಬಹುದು ಅನ್ನುವುದು ಬೇರೆ. ಕಾಯುವುದಕ್ಕೂ ಜನ ಬೇಕು. ಆಯುಧವೇ ಇಲ್ಲದ ನೂರಾರು ಕರೆಗಳಿಗೆ ಪೊಲೀಸ್ ಗಾಡಿ ಹೋಗುವುದು ತಪ್ಪಿದರೆ, ಇಂಥ ಒಂದು ಕರೆಗೆ ಸಾಕಷ್ಟು ಜನ ಸಿಗುತ್ತಾರೆ. ನೀವೂ ಅದನ್ನೇ ಕೇಳುತ್ತಿದ್ದೀರಿ.

ವೀಟನ್ ವಾಸಿ

ಪೊಲೀಸ್ ಡ್ರೋನ್ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲ, ನಾನು ಬರೆಯುತ್ತೇನೆ. ನಮ್ಮ ತಲೆ ಮೇಲೇ ಹಾರುತ್ತದೆ. 2023ರ ನವೆಂಬರ್‌ನಲ್ಲಿ ಸಿಲ್ವರ್ ಸ್ಪ್ರಿಂಗ್, ವೀಟನ್‌ನಲ್ಲಿ ಶುರು ಮಾಡಿದರು. ಆಮೇಲೆ ಗೇಥರ್ಸ್‌ಬರ್ಗ್, ಜರ್ಮನ್‌ಟೌನ್ ಕಡೆಗೂ ಬಂತು. 911 ಕರೆ ಬಂದ ತಕ್ಷಣ ಕಟ್ಟಡದ ಮಾಳಿಗೆಯಿಂದ ಡ್ರೋನ್ ಏಳುತ್ತದೆ. ಎಷ್ಟೋ ಸಲ ಗಾಡಿಗಿಂತ ಮುಂಚೆ ತಲುಪುತ್ತದೆ. "ಕೈಯಲ್ಲಿ ಬಂದೂಕು ಇದೆ" ಅಂತ ಯಾರೋ ಫೋನ್ ಮಾಡಿರುತ್ತಾರೆ, ಮೇಲಿಂದ ನೋಡಿದರೆ ಅದು ಮೊಬೈಲೋ ಕೋಲೋ ಆಗಿರುತ್ತದೆ. ಆಫೀಸರ್ ಬರುವ ಮುಂಚೆಯೇ ಆ ಮಾಹಿತಿ ಸಿಕ್ಕರೆ ಒಂದು ಜೀವ ಉಳಿಯಬಹುದು. ಯಾರೋ ಸುಮ್ನೆ ಸುತ್ತಾಡುತ್ತಿದ್ದದ್ದು ಅಂತ ಗೊತ್ತಾದರೆ ಗಾಡಿ ವಾಪಸ್ ಕಳಿಸಬಹುದು. ಗಂಟೆ ಉಳಿಯುತ್ತದೆ.

ನನಗೆ ಇಷ್ಟ ಆದದ್ದು ಇನ್ನೊಂದು. ಪ್ರತಿ ಹಾರಾಟವನ್ನೂ ಕೌಂಟಿ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಮ್ಯಾಪ್ ಮೇಲೆ ಗೆರೆ ಕಾಣಿಸುತ್ತದೆ. ಎಲ್ಲಿಂದ ಎದ್ದಿತು, ಯಾವ ಬೀದಿ ಮೇಲೆ ಹೋಯಿತು, ಯಾವ ಥರದ ಕರೆಗೆ ಅಂತ. ಜಾಗ ತಲುಪುವವರೆಗೆ ಕ್ಯಾಮೆರಾ ಕೆಳಗೆ ನೋಡದೆ ದೂರದ ದಿಗಂತದ ಕಡೆ ಇರಬೇಕು ಅನ್ನುವ ನಿಯಮ ಇದೆ. ನಾನು ಕೂತು ನಮ್ಮ ಬೀದಿ ಮೇಲೆ ಹೋದ ಗೆರೆಗಳನ್ನೆಲ್ಲ ನೋಡಿದೆ. ಎಲ್ಲ ಇಲಾಖೆಯೂ ಹೀಗೆ ತೋರಿಸಿದರೆ ಎಷ್ಟು ಚೆನ್ನ.

ಹಿತ್ತಲ ದಾಸವಾಳ

ತೋರಿಸುವುದು ಒಳ್ಳೆಯದೇ. ಆದರೆ ನೀವೇ ಹೇಳಿದ ಊರುಗಳನ್ನು ನೋಡಿ. ಮೊದಲು ಹೋದದ್ದು ಸಿಲ್ವರ್ ಸ್ಪ್ರಿಂಗ್, ವೀಟನ್‌ಗೆ. ಕಪ್ಪು ಜನ, ಲ್ಯಾಟಿನೋ ಜನ ಹೆಚ್ಚು ಇರುವ ಕಡೆ. ಕರೆಗಳು ಅಲ್ಲಿ ಜಾಸ್ತಿ ಅಂತ ಇಲಾಖೆ ಹೇಳುತ್ತದೆ, ಇರಬಹುದು. ನನ್ನ ಭಯ ನಾಳೆಯದು. ಇಂದು ದಿಗಂತ ನೋಡುವ ಕ್ಯಾಮೆರಾ ನಾಳೆ ಪ್ರತಿಭಟನೆ ಮೇಲೆ, ದೇವಸ್ಥಾನದ ಮೆರವಣಿಗೆ ಮೇಲೆ ನಿಂತರೆ? ಇಲಾಖೆಯ ಒಳನಿಯಮವನ್ನು ಒಂದು ಸಹಿಯಲ್ಲಿ ಬದಲಿಸಬಹುದು. ಕೌನ್ಸಿಲ್ ಪಾಸು ಮಾಡಿದ ಕಾನೂನನ್ನು ಹಾಗೆ ಬದಲಿಸೋಕೆ ಆಗಲ್ಲ. ಡ್ರೋನ್‌ಗೆ ದುಡ್ಡು ಕೊಡುವುದಾದರೆ ಆ ನಿಯಮಗಳನ್ನು ಕಾನೂನಾಗಿ ಮಾಡಿ ಕೊಡಲಿ.

ಜನ ಕೇಳಿದ್ದಕ್ಕೇ ಬದಲಾವಣೆ ಆಗಿದೆ. ತಪ್ಪಿನ ಆರೋಪ ಬಂದಾಗ ಪೊಲೀಸರಿಗೆ ವಿಶೇಷ ರಕ್ಷಣೆ ಕೊಡುವ ಕಾನೂನನ್ನು ದೇಶದಲ್ಲೇ ಮೊದಲು, 1974ರಲ್ಲಿ, ತಂದ ರಾಜ್ಯ ಮೇರಿಲ್ಯಾಂಡ್. 2021ರಲ್ಲಿ ಅದನ್ನು ರದ್ದು ಮಾಡಿತು. ಈಗ ಪ್ರತಿ ಕೌಂಟಿಯಲ್ಲೂ ಪೊಲೀಸರ ಮೇಲಿನ ದೂರುಗಳ ಮೇಲೆ ಕಣ್ಣಿಡುವ ಪೊಲೀಸ್ ಅಕೌಂಟಬಿಲಿಟಿ ಬೋರ್ಡ್ ಇರಬೇಕು, ಅದರಲ್ಲಿ ಸಾಮಾನ್ಯ ಜನ ಕೂರಬೇಕು. ನಮ್ಮವರು ಯಾರಾದರೂ ಅರ್ಜಿ ಹಾಕಿದ್ದೀರಾ?

ಎರಡು ಮಕ್ಕಳ ತಾಯಿ

ಶಾಲೆಗಳ ವಿಷಯ ಬಿಟ್ಟು ಹೋಗಬಾರದು. 2021ರಲ್ಲಿ ಹೈಸ್ಕೂಲ್‌ಗಳಿಂದ ಪೊಲೀಸರನ್ನು ತೆಗೆದರು. ಕಪ್ಪು ಮಕ್ಕಳೇ ಹೆಚ್ಚು ಅರೆಸ್ಟ್ ಆಗುತ್ತಿದ್ದರು ಅನ್ನುವುದು ಕಾರಣ, ಅದು ನಿಜವಾದ ನೋವು. 2022ರ ಜನವರಿಯಲ್ಲಿ ಮಗ್ರೂಡರ್ ಹೈಸ್ಕೂಲಿನ ಬಾತ್‌ರೂಮಿನಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ ಗುಂಡು ಹೊಡೆದ. ಬಿಡಿಭಾಗ ತರಿಸಿ ಜೋಡಿಸಿದ, ನಂಬರೇ ಇಲ್ಲದ ಬಂದೂಕು. ಅವತ್ತು ಮಕ್ಕಳು ಕ್ಲಾಸಿನೊಳಗೆ ಗಂಟೆಗಟ್ಟಲೆ ಬಾಗಿಲು ಹಾಕಿಕೊಂಡು ಕೂತಿದ್ದರು. ಈಗ ಇರುವುದು ನಡುವಿನ ದಾರಿ. ಕಮ್ಯುನಿಟಿ ಎಂಗೇಜ್‌ಮೆಂಟ್ ಆಫೀಸರ್ ಅಂತ ಇದ್ದಾರೆ, ಹಲವು ಶಾಲೆ ನೋಡಿಕೊಳ್ಳುತ್ತಾರೆ, ಮೊದಲಿನ ಹಾಗೆ ಒಂದೇ ಶಾಲೆಯಲ್ಲಿ ಇಡೀ ದಿನ ಇರುವುದಿಲ್ಲ.

ನನ್ನ ಮಗಳಿಗೆ ಆ ಆಫೀಸರ್ ಯಾರು ಅಂತ ಗೊತ್ತಿಲ್ಲ. ಮುಖ ಗೊತ್ತಿಲ್ಲದವರ ಹತ್ತಿರ ಯಾವ ಮಗು ಹೋಗಿ "ಅವನ ಬ್ಯಾಗಿನಲ್ಲಿ ಏನೋ ಇದೆ" ಅಂತ ಹೇಳುತ್ತದೆ? ಶಾಲೆಗೆ ಬರಲಿ, ಮಕ್ಕಳ ಜೊತೆ ಊಟಕ್ಕೆ ಕೂರಲಿ. ಶಿಸ್ತಿನ ವಿಷಯಕ್ಕೆ ಕೈ ಹಾಕದಿರಲಿ, ಅದು ಪ್ರಿನ್ಸಿಪಾಲರ ಕೆಲಸ.

ಇನ್ನೊಂದು, ರಸ್ತೆ. ನಮ್ಮ ಕೌಂಟಿ 2007ರಲ್ಲಿ ಮೇರಿಲ್ಯಾಂಡ್‌ನಲ್ಲೇ ಮೊದಲು ಸ್ಪೀಡ್ ಕ್ಯಾಮೆರಾ ಹಾಕಿತು. ಮಿತಿ ಮೀರಿ ಎಷ್ಟು ಜೋರಾಗಿ ಓಡಿಸಿದರೂ 40 ಡಾಲರ್ ದಂಡ ಇತ್ತು. 2025ರ ಅಕ್ಟೋಬರ್‌ನಿಂದ ವೇಗಕ್ಕೆ ತಕ್ಕ ಹಾಗೆ 40ರಿಂದ 425 ಡಾಲರ್‌ವರೆಗೆ. ಬೈಯುವವರು ಬೈಯಲಿ, ನನಗೆ ಸಮಾಧಾನ. ಕ್ಯಾಮೆರಾ ಚಾಲಕನ ಬಣ್ಣ ನೋಡಲ್ಲ, ಒಬ್ಬ ಆಫೀಸರ್‌ನ ಸಮಯವೂ ಉಳಿಯುತ್ತದೆ.

ಜರ್ಮನ್‌ಟೌನ್ ಗೆಳತಿ

ಎಲ್ಲರಿಗೂ ಧನ್ಯವಾದ. ಇಷ್ಟು ಒಳ್ಳೆಯ ಮಾತು ಬರುತ್ತದೆ ಅಂದುಕೊಂಡಿರಲಿಲ್ಲ.

ಈಗ ಕೆಲಸದ ಮಾತು. ಮಾರ್ಚ್ 15ರ ಹೊತ್ತಿಗೆ ಎಕ್ಸಿಕ್ಯುಟಿವ್ ಬಜೆಟ್ ಕೊಡುತ್ತಾರೆ. ಏಪ್ರಿಲ್‌ನಲ್ಲಿ ಹಿಯರಿಂಗ್. ಮೇ ಕೊನೆಗೆ ಕೌನ್ಸಿಲ್ ವೋಟು ಹಾಕುತ್ತದೆ, ಜುಲೈ 1ರಿಂದ ಹೊಸ ಬಜೆಟ್ ವರ್ಷ. ಪೊಲೀಸ್ ಬಜೆಟ್ ಮೊದಲು ಪಬ್ಲಿಕ್ ಸೇಫ್ಟಿ ಕಮಿಟಿಗೆ ಬರುತ್ತದೆ. ನಿಜವಾದ ಕೂಡು-ಕಳೆ ನಡೆಯುವುದು ಅಲ್ಲಿ. ವೋಟಿರುವವರಿಗೆ ಇನ್ನೊಂದು ಮಾತು: ಕೌನ್ಸಿಲ್‌ನಲ್ಲಿ 11 ಜನ. ಏಳು ಡಿಸ್ಟ್ರಿಕ್ಟ್‌ನವರು, ನಾಲ್ಕು ಜನ ಇಡೀ ಕೌಂಟಿಗೆ. ಅಂದರೆ ನಮ್ಮಲ್ಲಿ ಒಬ್ಬೊಬ್ಬರಿಗೂ ಐದು ಜನ ಉತ್ತರ ಕೊಡಬೇಕು. ಐವರಿಗೂ ಬರೆಯಿರಿ. 2024ರ ಜುಲೈಯಲ್ಲಿ ಪೊಲೀಸ್ ಚೀಫ್ ಆದ ಮಾರ್ಕ್ ಯಮಾಡಾ ಅವರಿಗೂ ಒಂದು ಪ್ರತಿ ಕಳಿಸೋಣ.

ಮಾತಾಡಲು ಸಿಗುವುದು ಎರಡು ಮೂರು ನಿಮಿಷ. ಮನೆಯಿಂದಲೇ ವಿಡಿಯೋದಲ್ಲಿ ಮಾತಾಡಬಹುದು. ನಾನು ಬರೆದ ಕರಡು ಹೀಗಿದೆ:

"ಪೊಲೀಸರ ಖಾಲಿ ಹುದ್ದೆ ತುಂಬಿಸಿ, ಆದರೆ ಮೊದಲು ತನಿಖೆಯ ಕಡೆ, ಅದರಲ್ಲೂ ಹಿರಿಯರ ಹಣ ದೋಚುವವರ ಕಡೆ. ಕ್ರೈಸಿಸ್ ತಂಡಗಳು ರಾತ್ರಿಯೂ, ಕೌಂಟಿಯ ಉತ್ತರ ಭಾಗದಲ್ಲೂ ಬೇಗ ತಲುಪುವಷ್ಟು ದುಡ್ಡು ಕೊಡಿ. ಆಸ್ಪತ್ರೆಯಲ್ಲಿ ಆಫೀಸರ್‌ಗಳು ಎಷ್ಟು ಗಂಟೆ ಕಾಯುತ್ತಾರೆ ಅನ್ನುವ ಲೆಕ್ಕವನ್ನು ಪ್ರತಿ ವರ್ಷ ಬಹಿರಂಗ ಮಾಡಿ. ಡ್ರೋನ್ ನಿಯಮಗಳನ್ನು ಕಾನೂನಾಗಿ ಮಾಡಿ."

ಕ್ಲಾರ್ಕ್ಸ್‌ಬರ್ಗ್ ರಾಯರು

ಚೆನ್ನಾಗಿದೆ. "ಆದರೆ ಮೊದಲು ತನಿಖೆಯ ಕಡೆ" ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಗಸ್ತು ಗಾಡಿಯಲ್ಲಿ ಜನ ಇಲ್ಲದಿದ್ದರೆ ತನಿಖೆಗೆ ಕೇಸು ತರುವವರು ಯಾರು? ಎರಡಕ್ಕೂ ಅಂತ ಬರೆಯಿರಿ.

ಬೆಣ್ಣೆನಗರಿ

ಎರಡಕ್ಕೂ ಅಂದರೆ ಯಾವುದಕ್ಕೂ ಸಿಗಲ್ಲ ರಾಯರೇ. ಆಯ್ಕೆ ಮಾಡಿ ಹೇಳಬೇಕು. ಹಿರಿಯರ ಕೇಸುಗಳಿಗೆ ಇಷ್ಟು ಡಿಟೆಕ್ಟಿವ್ ಅಂತ ಬೇರೆ ಸಾಲು ಹಾಕೋಣ, ಗಸ್ತಿನ ಸಾಲು ಅದರ ಕೆಳಗೆ. ನಿಮಗೆ ಸರಿಯಾ?

ಕ್ಲಾರ್ಕ್ಸ್‌ಬರ್ಗ್ ರಾಯರು

ಹಾಗಾದರೆ ಸರಿ. ನನ್ನ ಹೆಸರೂ ಸೇರಿಸಿ. ಹಿಯರಿಂಗ್‌ಗೆ ನಾನೇ ಹೋಗುತ್ತೇನೆ, ರಾಕ್‌ವಿಲ್‌ಗೆ ಕಾರಿನಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ.

ವಾರಾನ್ನ ವಿದ್ಯಾರ್ಥಿ

ನಾನು ಬರುತ್ತೇನೆ ಸಾರ್. ಪಾರ್ಸೆಲ್ ಕೆಲಸದ ಬಗ್ಗೆ ಒಂದು ನಿಮಿಷ ನಾನೇ ಮಾತಾಡುತ್ತೇನೆ, ಅಂಥ ಮೆಸೇಜ್ ನನಗೂ ಬಂದಿತ್ತು.